ಮೂಲೆಗೆ ಮೂಲೆ

ಸ್ಪರ್ಧೆ ಮುಗಿದ ರಾತ್ರಿ ನನಗೆ ಊಟ ಸೇರುವುದಿಲ್ಲ.
ತೊಂಬತ್ತು ನಿಮಿಷ, ಆರು ತರ್ಕದ ಒಗಟು, ಇನ್ನೂರ ಹನ್ನೊಂದು ಜನ.
ಬಿಡಿಸಿದವರು ಬರೆಯುತ್ತಾರೆ,
ಕಟ್ಟಿದವರು ಓದಬೇಕು.

ಕೈರಸ್ ಮಿಸ್ತ್ರಿ, ದಾದರ್, ನಲವತ್ತೊಂದೇ ನಿಮಿಷ:
"ಆರನೆಯದು ತೀರಾ ಸುಲಭ. ಕಟ್ಟುವಾಗ ನಿದ್ದೆ ಬಂದಿತ್ತೆ?"
ಬಂದಿತ್ತು.
ಲಿನೆಟ್ ಫುರ್ತಾಡೊ, ಬಾಂದ್ರಾ:
"ಎರಡನೆಯದರ ಗೆರೆ ಊರೆಲ್ಲ ಸುತ್ತಿ ತನ್ನ ಬಾಲವನ್ನೇ ಹಿಡಿದಾಗ
ಕುರ್ಚಿಯಿಂದ ಎದ್ದು ನಿಂತೆ.
ಅಮ್ಮ ಕೇಳಿದಳು, ಯಾರು ಬಂದರು?"
ಹೆಸರು ಬರೆಯದ ಒಬ್ಬರು:
"ಮೂರನೆಯದನ್ನು ಊಹಿಸಿ ಬಿಡಿಸಿದೆ. ಕ್ಷಮಿಸಿ."
ಹೇಗೆ ಕ್ಷಮಿಸಲಿ?
ಊಹೆ ತೂರುವಷ್ಟು ಸಂದಿ ಬಿಟ್ಟವರು ಯಾರು?

ನಾಲ್ಕನೆಯದು ನನ್ನ ಮುದ್ದಿನದು.
ಎಂಟಕ್ಕೆ ಎಂಟು, ಅರವತ್ತನಾಲ್ಕು ಖೋಲಿ.
ಕೆಲವಲ್ಲಿ ದೀಪ ಇಡಬೇಕು. ಕೆಲವಲ್ಲಿ ಅಂಕಿ ಕೂತಿದೆ,
ನನ್ನ ಪಕ್ಕ ಇಷ್ಟು ದೀಪ ಉರಿಯುತ್ತಿವೆ ಎಂದು ಸಾಕ್ಷಿ ಹೇಳುತ್ತ.
ಸಾಲಿಗೊಂದು ಸಾಕ್ಷಿ ಸುಳ್ಳು.
ಯಾವುದೆಂದು ನಾನು ಹೇಳುವುದಿಲ್ಲ.
ಹನ್ನೊಂದು ವಾರ ಕಟ್ಟಿದೆ ಇದನ್ನು,
ಡೊಂಬಿವಲಿಯಿಂದ ಮಸ್ಜಿದ್ ಬಂದರಿನ ತನಕ
ಏಳು ಐವತ್ತೆರಡರ ಲೋಕಲಿನಲ್ಲಿ
ಯಾರದೋ ಬೆನ್ನಿಗೆ ಪುಸ್ತಕ ಆನಿಸಿಕೊಂಡು:
ಮುಂಬ್ರಾದಲ್ಲಿ ಒಂದು ಸುಳ್ಳು ಅಳಿಸಿ
ಕುರ್ಲಾದಲ್ಲಿ ಇನ್ನೊಂದು ನೆಟ್ಟೆ.

ಇಂದುಮತಿ ಖಾಮ್ಕರ್, ಲಾಲ್‌ಬಾಗ್, ಎಪ್ಪತ್ತಮೂರು ವರ್ಷ,
ಒಂದು ಕಾಲಕ್ಕೆ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆದವರು.
ಬೇರೆ ಐದನ್ನು ಮುಟ್ಟಿಯೇ ಇಲ್ಲ.
ನಾಲ್ಕನೆಯದಕ್ಕೇ ಎಂಬತ್ತು ನಿಮಿಷ. ಉತ್ತರ ತಪ್ಪು.
ಮರಾಠಿಯಲ್ಲಿ ಬರೆದಿದ್ದಾರೆ:
"ನೀವು ಶೇಜಾರಿ ಎಂದಿರಿ. ನಾನು ಮೂಲೆಯವರನ್ನೂ ಎಣಿಸಿದೆ.
ನಮ್ಮ ಚಾಳಿನಲ್ಲಿ ಮೇಲಿನ ಮಾಳಿಗೆಯ, ಎಡಕ್ಕೆ ಓರೆಯಾದ ಖೋಲಿ ಇದೆಯಲ್ಲ,
ಅದರ ಮೋರಿ ಕಟ್ಟಿದರೆ ನೀರು ಇಳಿಯುವುದು ನನ್ನ ಹಾಸಿಗೆಗೆ.
ಅವರು ಬೊಂಬಿಲ್ ಹುರಿದರೆ ಮೊದಲು ತಿಳಿಯುವುದು ನನ್ನ ಸೀರೆಗೆ.
ಅವರು ಶೇಜಾರಿ ಅಲ್ಲ ಅನ್ನುತ್ತೀರಾ?"

ಮಾದರಿ ಚಿತ್ರದಲ್ಲಿ ಸ್ಪಷ್ಟವಿತ್ತು.
ನಿಯಮದ ವಾಕ್ಯ ತೆಗೆದು ನೋಡಿದೆ. ಅದರಲ್ಲಿ ಇರಲಿಲ್ಲ.
ಪಕ್ಕ ಎಂದರೆ ನನಗೆ ನಾಲ್ಕೇ, ಗೋಡೆ ಹಂಚಿಕೊಂಡವರು.
ಬಾಕಿ ಇನ್ನೂರ ಹತ್ತು ಜನಕ್ಕೂ ನಾಲ್ಕೇ, ಯಾರೂ ಕೇಳಲಿಲ್ಲ.
ನನ್ನ ಭಾಷೆಯಲ್ಲಿ ನೆರೆ ಎಂದರೆ ಪಕ್ಕದವರು,
ನೆರೆ ಎಂದರೆ ಏರಿ ಬಂದ ನೀರು.
ನೀರಿಗೆ ಪಕ್ಕ ಯಾವುದು, ಮೂಲೆ ಯಾವುದು.

ಮರುದಿನ ಅದೇ ಲೋಕಲಿನಲ್ಲಿ
ಎಂಟೂ ದಿಕ್ಕಿಗೆ ಎಣಿಸುತ್ತ ಮೊದಲಿನಿಂದ ಬಿಡಿಸಿದೆ,
ಎಲ್ಲಿ ಮುರಿಯುತ್ತದೋ ನೋಡೋಣ ಎಂದು.
ಠಾಣೆ ಬಂತು, ಮುರಿಯಲಿಲ್ಲ.
ಘಾಟ್ಕೋಪರಿನಲ್ಲಿ ಮೂರನೇ ಸಾಲಿನ ಸುಳ್ಳುಗಾರ ಸಿಕ್ಕಿಬಿದ್ದ:
ನಾನು ನೆಟ್ಟವನಲ್ಲ,
ಸತ್ಯವಂತನೆಂದು ನಾನು ಆಣೆಯಿಟ್ಟು ಹೇಳಬಹುದಾಗಿದ್ದ ಎರಡು.
ಮಸ್ಜಿದಿನಲ್ಲಿ ಇಳಿಯುವ ಹೊತ್ತಿಗೆ ಕೊನೆಯ ದೀಪ ಹತ್ತಿತು.
ಒಂದೇ ಉತ್ತರ. ಇನ್ನೊಂದಕ್ಕೆ ಜಾಗವೇ ಇಲ್ಲ.
ನಾನು ಕಟ್ಟದ ಒಗಟೊಂದು
ನನ್ನ ಒಗಟಿನೊಳಗೆ ಚಿಲಕ ಹಾಕಿಕೊಂಡು ಕೂತಿತ್ತು,
ಬಾಡಿಗೆ ಕೊಡದೆ.

ಸೇತುವೆಯ ಮೆಟ್ಟಿಲ ಮೇಲೆ ನಿಂತು
ಇಂದುಮತಿಬಾಯಿಯ ಉತ್ತರವನ್ನು ಅದರ ಪಕ್ಕ ಹಿಡಿದೆ.
ಹಿಂದಿನವರು ಬೈದರು, ಹಮಾಲನೊಬ್ಬ ಗಂಟು ತಾಗಿಸಿ ಹೋದ.
ಅರವತ್ತಮೂರು ಖೋಲಿ ಸರಿ.
ಕೊನೆಯ ಸಾಲಿನಲ್ಲಿ ಒಂದು ದೀಪ ತಪ್ಪು.
ನನ್ನ ನಿಯಮಕ್ಕೂ ತಪ್ಪು, ಅವರ ನಿಯಮಕ್ಕೂ ತಪ್ಪು.
ಇನ್ನೂ ಹತ್ತು ನಿಮಿಷ ಇತ್ತಲ್ಲ ತಾಯಿ ನಿಮ್ಮ ಕೈಯಲ್ಲಿ.

ಇದನ್ನು ಹೇಗೆ ಬರೆಯುವುದು?
ಮಧ್ಯಾಹ್ನ ಡಬ್ಬಿ ಬಿಚ್ಚದೆ ಬರೆದೆ:
"ಅಂಕ ಸೊನ್ನೆ, ಬದಲಾಗುವುದಿಲ್ಲ.
ನಿಮ್ಮ ನಿಯಮ ನಿಲ್ಲುತ್ತದೆ, ನಾನೇ ಬಿಡಿಸಿ ನೋಡಿದೆ.
ಆದರೆ ಅದರಲ್ಲೂ ನಿಮ್ಮದು ಒಂದು ದೀಪ ತಪ್ಪಿದೆ."

ನಾಲ್ಕು ನಿಮಿಷದಲ್ಲಿ ಉತ್ತರ ಬಂತು.
"ಎಲ್ಲಿ?"
ಬೆರಳು ಇನ್ನೂ ಅಕ್ಷರ ಹುಡುಕುತ್ತಿತ್ತು,
ಅಷ್ಟರಲ್ಲಿ ಇನ್ನೊಂದು:
"ಹೇಳಬೇಡಿ. ಹೇಳಬೇಡಿ."