ಎರಡು ಸುಳಿ

ಹಲಸೂರು ಕೆರೆಯ ಆಚೆ, ಸೆಂಟರಿನ ಗೇಟು ದಾಟಿ
ಹೊಂಗೆಮರದ ಕೆಳಗೆ ನನ್ನ ಕುರ್ಚಿ.
ಮುನಿವೀರಪ್ಪ, ಸಿವಿಲಿಯನ್ ಬಾರ್ಬರ್, ಪಾಸ್ ನಂಬರು ನಲವತ್ತೊಂದು.
ನಮ್ಮಪ್ಪನದು ಹದಿನೇಳಿತ್ತು.

ಹೊಸ ಬ್ಯಾಚು ಬಂದ ದಿನ ಮಾತಿಲ್ಲ, ಮಿಷನ್ ಮಾತ್ರ.
ಇನ್ನೂರು ತಲೆ, ಮಧ್ಯಾಹ್ನದ ಊಟದೊಳಗೆ.
ಸಿನಿಮಾ ಕ್ರಾಪು, ಕೆಂಚು ಬಣ್ಣ ಬಳಿದ ಜುಟ್ಟು,
ಕಿವಿಯ ಹಿಂದೆ ಯಾವಳದೋ ಹೆಸರಿನ ಮೊದಲ ಅಕ್ಷರ
ಎಲ್ಲ ಒಂದೇ ಗೋಣಿಗೆ.
ಮಹದೇಶ್ವರನ ಬೆಟ್ಟದಲ್ಲಿ ಮುಡಿ ಕೊಡುವವನು
ಏನಾದರೊಂದು ಬೇಡಿಕೊಂಡು ಕೊಡುತ್ತಾನೆ.
ಇಲ್ಲಿ ಬೇಡುವ ಮೊದಲೇ ತಲೆ ಹಗುರ.
ಗೋಣಿಯನ್ನು ಮಾಲಿ ಒಯ್ಯುತ್ತಾನೆ,
ಕ್ವಾರ್ಟರ್ ಗಾರ್ಡಿನ ಗುಲಾಬಿಗೆ ಅದೇ ಗೊಬ್ಬರ.

ಕೂದಲು ಹೋದ ಮೇಲೆ ಊರು ಕಾಣುತ್ತದೆ:
ಹುಣಸೆಮರದಿಂದ ಬಿದ್ದ ಗಾಯ, ಅಣ್ಣ ಎಸೆದ ಕಲ್ಲು,
ಬಾಲಗ್ರಹಕ್ಕೆಂದು ಅಜ್ಜಿ ಹಾಕಿಸಿದ ಬರೆ.
ರೂಲು ಪುಸ್ತಕದಲ್ಲಿ ಇವಕ್ಕೆ ಸಾಲಿಲ್ಲ.
ಅದರಲ್ಲಿರುವುದು ಕೆನ್ನೆಗೂದಲು ಕಿವಿಯ ನಡುವಿಗೆ,
ಮೀಸೆ ತುಟಿಯ ಅಂಚಿಗೆ, ಕತ್ತಿನ ಕೂದಲು ಕಾಲರು ಮುಟ್ಟದ ಹಾಗೆ.
ಬೆಲ್ಟಿನ ಹಿತ್ತಾಳೆಯಲ್ಲಿ ಮುಖ ಕಾಣಬೇಕಂತೆ.
ಯಾರ ಮುಖ ಎಂದು ಬರೆದಿಲ್ಲ.

ಇಂಡಿ ತಾಲ್ಲೂಕಿನ ದ್ಯಾಮಣ್ಣ ಹಂಚಿನಾಳ
ಕೂರುವ ಮೊದಲೇ ಪಿಸುಗುಟ್ಟಿದ:
"ಕಾಕಾ, ನನಗ ಎರಡ ಸುಳಿ ಅದಾವು. ಯಾರಿಗೂ ಹೇಳಬ್ಯಾಡ್ರಿ."
ಎರಡು ಸುಳಿ ಇದ್ದರೆ ಎರಡು ಮದುವೆ.
ಸೋದರತ್ತೆ ನೆತ್ತಿಗೆ ಬೆರಳಿಟ್ಟು ಎಣಿಸಿ
ಮಗಳನ್ನು ಬೇರೆ ಕಡೆ ಕೊಟ್ಟಳಂತೆ.
ನಾನು ಹೇಳಲಿಲ್ಲ. ಮಿಷನ್ನೇ ಹೇಳಿತು.
ಸಂಜೆಗೆ ಬ್ಯಾರಕ್ಕಿಗೆಲ್ಲ ಅವನು ಡಬಲ್ ತಂಬಿ.

ಅದು ಹೋಗಲಿ.
ಒಂದು ಸುಳಿ ಎಡಕ್ಕೆ, ಒಂದು ಬಲಕ್ಕೆ,
ನಡುವೆ ಯಾರ ಮಾತೂ ಕೇಳದ ನಾಲ್ಕು ಕೂದಲು
ಟೋಪಿಯನ್ನೇ ಎತ್ತಿ ನಿಲ್ಲುತ್ತಿದ್ದವು.
ಹವಾಲ್ದಾರ್ ಸೆಲ್ವಮಣಿ ಹತ್ತಿಯ ಉಂಡೆ ಹಿಡಿದು
ಸಾಲಿನುದ್ದಕ್ಕೂ ಕೆನ್ನೆ ಸವರುತ್ತ ಬರುವವರು.
ಎಳೆ ಅಂಟಿತೋ, ಮೈದಾನಕ್ಕೆ ಐದು ಸುತ್ತು.
ದ್ಯಾಮಣ್ಣನ ಕೆನ್ನೆ ಪಾಸು, ನೆತ್ತಿ ಫೇಲು.
ಮೂರು ವಾರ ಓಡಿದ.
ಅವನ ಇಸ್ತ್ರಿಯ ಗೆರೆಗೆ ಬೆರಳು ಕೊಯ್ಯುತ್ತಿತ್ತು,
ಬೂಟಿನ ಮೂತಿಯಲ್ಲಿ ಹೊಂಗೆಯ ಎಲೆ ಎಣಿಸಬಹುದಿತ್ತು.
ಆ ನಾಲ್ಕು ಕೂದಲು ಮಾತ್ರ ಸಿವಿಲ್ಲು.

ನಾಲ್ಕನೇ ಭಾನುವಾರ ಮಿಷನ್ ಬಿಟ್ಟು ಕತ್ತರಿ ಹಿಡಿದೆ.
ರೂಲಿಗಿಂತ ಒಂದು ಭತ್ತದ ಕಾಳಿನಷ್ಟು ಉದ್ದ ಬಿಟ್ಟೆ,
ತಮ್ಮ ಭಾರಕ್ಕೆ ತಾವೇ ಮಲಗಲಿ ಎಂದು.
ಮಲಗಿದವು.
ಸೆಲ್ವಮಣಿ ನೆತ್ತಿಯನ್ನು ಎರಡು ಸಲ ನೋಡಿದರು,
ನನ್ನ ಕಡೆ ಒಂದು ಸಲ.

ಹದಿನೇಳು ವರ್ಷ.
ನಡುವೆ ಒಂದು ಫೋಟೋ ಬಂದಿತ್ತು, ಹಿಮದಲ್ಲಿ ನಿಂತದ್ದು,
ಗಡ್ಡ ಎದೆಯವರೆಗೆ. ಅಲ್ಲಿ ರೂಲೂ ಹೆಪ್ಪುಗಟ್ಟಿತ್ತೋ ಏನೋ.
ಹೋದ ತಿಂಗಳು ಪೆನ್ಷನ್ನಿನ ಕಾಗದಕ್ಕೆ ಬಂದವನು
ಚೌಕಳಿ ಅಂಗಿಯಲ್ಲಿ ಕುರ್ಚಿಗೆ ಕೂತ.
"ಯಾವ ಕಟಿಂಗ್?"
ಅವನನ್ನು ಹೀಗೆ ಕೇಳಿದ್ದು ಅದೇ ಮೊದಲು.
ಕನ್ನಡಿ ನೋಡಿದ. ಗೇಟಿನ ಕಡೆ ನೋಡಿದ.
ದೂರದಲ್ಲಿ ಮೆಟ್ರೋ ಒಂದು ಬಂತು, ಹೋಯಿತು.
"ಅದ ಇರಲಿ ಕಾಕಾ."

ಎಡಗಡೆಯ ಸುಳಿ ಬೋಳಾಗಿತ್ತು,
ಬಲಗಡೆಯದು ಇನ್ನೂ ತಿರುಗುತ್ತಿತ್ತು.
"ಮದುವೆ?"
"ಎರಡು. ಮೊದಲನೇದು ಇಲ್ಲೇ ಆತಲ್ಲ, ನಿಮ್ಮ ಕುರ್ಚಿ ಮ್ಯಾಲ.
ನಿನ್ನೆ ಕಾಗದ ಕೊಟ್ಟು ಬಿಟ್ಲು."

ನಕ್ಕೆವು. ಬಟ್ಟೆ ಕೊಡವಿದೆ.
ಅವನು ಏಳಲಿಲ್ಲ. ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ,
ಕಣ್ಣು ಹೊಂಗೆಯ ಬೊಡ್ಡೆಯ ಮೇಲೆ ನೆಟ್ಟು
ಕಾಯುತ್ತಿದ್ದ.
ಸೆಲ್ವಮಣಿ ತೀರಿಕೊಂಡು ಆರು ವರ್ಷ.
ಡ್ರಾಯರಿನಲ್ಲಿ ಹತ್ತಿ ಇತ್ತು. ತೆಗೆದು
ಒಂದು ಸಲ ಸವರಿದೆ.

ಎಳೆ ಅಂಟಿತು.
ಹೇಳಲಿಲ್ಲ.