ಮೂರನೆಯ ಬಾಗಿಲು

ರಾಯಚೂರಿನ ಗಂಜಿನಲ್ಲಿ ಅಪ್ಪ ಹತ್ತಿ ಅಂಡಿಗೆ ನೋಡುವವನಾಗಿದ್ದ.
ಚೀಟಿ ಓದಿ ಬಿಡುತ್ತಿರಲಿಲ್ಲ. ಮೊಣಕೈವರೆಗೆ ತೋಳಿಳಿಸಿ
ಹೊಟ್ಟೆಯೊಳಗಿಂದ ಒಂದು ಹಿಡಿ ಕಿತ್ತು, ಮೂಸಿ, ಹಿಂಡಿ,
ನೀರು ಹೊಡೆದಿದ್ದರೆ ಅಲ್ಲೇ ಹೇಳುತ್ತಿದ್ದ:
“ಇದು ಹತ್ತಿ ಅಲ್ಲಪ, ಹಳ್ಳ.”

ಹಾಗಾಗಿ ಎಸ್ಎಸ್ಎಲ್ ಮೂರರ ರೋಗ ನನಗೆ ಬೇಗ ತಿಳಿಯಿತು.
ಮಾತು ಕಟ್ಟುವಾಗ ಕೊನೆಯ ಅಂಡಿಗೆ ಪೂರಾ ತುಂಬದಿದ್ದರೆ
ಅದು ಹೊಟ್ಟು ತುಂಬುತ್ತದೆ; ಎಷ್ಟು ತುಂಬಿತು ಎಂಬ ಅಂಕಿಯನ್ನು
ಬಾಯಿಗೆ ಹೊಲಿಯುತ್ತದೆ. ಆಚೆ ಕೂತವನು
ಅಂಕಿ ಓದುತ್ತಾನೆ. ಹೊಟ್ಟು ಮುಟ್ಟುವುದಿಲ್ಲ.
ನಡುದಾರಿಯಲ್ಲಿ ನಿಂತವನು ಹೊಟ್ಟಿನ ಜಾಗಕ್ಕೆ
ಬೇರೊಂದು ಅಂಡಿಗೆ ತಳ್ಳಿ, ಇನ್ನೂರೈವತ್ತಾರು ಸಲಕ್ಕೊಮ್ಮೆ
“ಹೂಂ” ಎನ್ನಿಸಿಕೊಂಡು, ಅಕ್ಷರಕ್ಕೊಂದು ಅಕ್ಷರ
ಒಳಗಿನ ಗುಟ್ಟು ಎಣಿಸಿಕೊಳ್ಳುತ್ತಾನೆ.

ಹೊಸ ಬೀಗಗಳಿಲ್ಲವೇ? ಇವೆ. ಆದರೆ ಯಾರೋ ಕೆಮ್ಮಿದರೆ ಸಾಕು,
ಕುಲುಕಲು ಚಾಚಿದ ಕೈ ಒಂದು ಮೆಟ್ಟಿಲು ಇಳಿಯುತ್ತದೆ,
ಮತ್ತೆ ಕೆಮ್ಮಿದರೆ ಮತ್ತೊಂದು,
ಕೊನೆಗೆ ಈ ಮೂರನೆಯ ಬಾಗಿಲಿಗೆ ಬಂದು
“ಇಲ್ಲೇ ಮಾತಾಡೋಣ” ಎನ್ನುತ್ತದೆ.
ಎಷ್ಟು ಮರ್ಯಾದಸ್ಥ ಕೈ!

ನಾನು ಕಾಯುವ ಪ್ಯಾಕೇಜು ಸ್ಥಿರ ಆವೃತ್ತಿಯದು.
ಸ್ಥಿರ ಎಂದರೆ ಕೊಟ್ಟ ಮಾತು:
ಮಲಗುವಾಗ ಹೇಗಿತ್ತೋ ಏಳುವಾಗ ಹಾಗೇ.
ಬಣ್ಣ ಬಳಿಯುವುದಿಲ್ಲ, ಗೋಡೆ ಸರಿಸುವುದಿಲ್ಲ,
ಸೋರುವಲ್ಲಿ ಮಾತ್ರ ಬೆರಳಿಡುತ್ತೇವೆ.
ಬಾಗಿಲನ್ನೇ ಮುಚ್ಚಿದರೆ ಅದು ಸೋರಿಕೆ ತಡೆದದ್ದೋ, ಮಾತು ತಪ್ಪಿದ್ದೋ?
ನಾನೂ, ಮುಖ ನೋಡದ ಇನ್ನಿಬ್ಬರೂ
ಇದರ ಮೇಲೆ ಮೂರು ರಾತ್ರಿ ಜಗಳಾಡಿದೆವು.

ಕಿತ್ತೇ ಹಾಕಿದರೆ? ಹಳೆಯ ಪ್ರೋಗ್ರಾಮುಗಳು ಏಳುವಾಗಲೇ
ಹೆಸರು ಹಿಡಿದು ಕರೆಯುತ್ತವೆ; ಓ ಎನ್ನುವವರಿಲ್ಲದಿದ್ದರೆ
ಅಲ್ಲೇ ಬಿದ್ದು ಸಾಯುತ್ತವೆ,
ಆ ಬಾಗಿಲಿಗೆ ಎಂದೂ ಹೋಗದವೂ ಸಹ.

ನಸುಕಿಗೆ ಕರೆಂಟು ಹೋಯಿತು. ಶಾಲು ಹೊದ್ದು ಮಾಳಿಗೆ ಹತ್ತಿದೆ.
ಕೋಟೆಗೋಡೆ ಕಂಡಿತು. ಸಣ್ಣವಳಿದ್ದಾಗ ಅಡಗಿ ಆಡಿದ ಜಾಗ.
ಅಲ್ಲೊಂದು ದಿಡ್ಡಿ. ಕಮಾನಿದೆ, ಹೊಸ್ತಿಲಿದೆ,
ನಡುವೆ ಯಾವ ಕಾಲದಲ್ಲೋ ಕಲ್ಲು ತುಂಬಿದ್ದಾರೆ.
ದಾರಿ ಹೇಳುವಾಗ ಓಣಿಯವರು ಈಗಲೂ “ದಿಡ್ಡಿ ಹತ್ರ” ಎನ್ನುತ್ತಾರೆ.
ಕೇಳಿದವರು ಯಾರೂ ದಾರಿ ತಪ್ಪಿಲ್ಲ.

ಹಾಗೇ ಮಾಡಿದೆ. ಹೆಸರು ಉಳಿಸಿ ಕಲ್ಲು ತುಂಬಿದೆ.
ಕರೆದರೆ ಓ ಎನ್ನುತ್ತದೆ, ಆಮೇಲೆ ಆಗದು ಎನ್ನುತ್ತದೆ.
ಹನ್ನೊಂದು ಸಾಲಿನ ತೇಪೆ, ಮೂರು ಸಾಲಿನ ಒಕ್ಕಣೆ.
ಹತ್ತು ಬಗೆಯ ಯಂತ್ರಗಳಿಗೆ ಕಟ್ಟಿ, ಸಹಿ ಹಾಕಿ, ಬಿಟ್ಟೆ.

ಸೋಮವಾರ ಹತ್ತಕ್ಕೆ ಫೋನು.
ಮೊದಲ ದೂರು ಯಾವ ಜರ್ಮನಿಯಿಂದಲೂ ಅಲ್ಲ,
ನಮ್ಮ ಗಂಜಿನ ಲಾರಿ ಕಾಂಟಾದಿಂದ.
“ಮೇಡಂ, ಬಂದೇನವಾಜ್ ಮಾತಾಡೋದು. ರಾತ್ರಿ ಮಿಷಿನ್ನು
ತಾನಾಗೇ ಅದೇನೋ ಹೊಸಾದು ಹಾಕ್ಕೊಂಡೈತ್ರಿ.
ತೂಕ ತೋರಸ್ತೈತಿ, ಆಫೀಸಿಗೆ ಮುಟ್ಟವಲ್ದು.
ಇಪ್ಪತ್ತೆರಡು ಗಾಡಿ ನಿಂತಾವ್ರಿ.”

ಯಾರ ಕೆಲಸ ಎಂದು ಅವನು ಕೇಳಲಿಲ್ಲ. ನಾನೇ ಹೇಳಿದೆ.
ಸ್ವಲ್ಪ ಹೊತ್ತು ಬರೀ ಹಾರನ್ನು ಕೇಳಿಸಿತು.
“ನೀವಾ? ನಿನ್ನಿತನ ಚಲೋ ಇತ್ತಲ್ರೀ?”

ಚಲೋ ಇತ್ತು. ಅದೇ ತೊಂದರೆ ಎಂದು ಹೇಗೆ ಹೇಳಲಿ?
ಹಳೆಯದಕ್ಕೆ ಮರಳಿಸುವ ಆಜ್ಞೆ ಬಾಯಿಪಾಠ, ಒಂದೇ ಸಾಲು,
ನಾಲಿಗೆ ತುದಿಗೆ ಬಂತು. ನುಂಗಿ ಕೇಳಿದೆ:
“ಅಪ್ಪನ ಕಾಲದ ಚೀಟಿ ಬುಕ್ಕು ಐತೇನು?”
“ಐತ್ರಿ. ಅರ್ಧ ಇಲಿ ತಿಂದಾವ.”
“ಇವತ್ತು ಉಳಿದರ್ಧದಾಗ ಬರೀರಿ. ನಾ ಬರ್ತೀನಿ.”

ಪೆಟ್ಟಿಗೆ ಮಾಡಿದ ಕಂಪನಿ ಮುಚ್ಚಿ ಆರು ವರ್ಷ.
ಬೆನ್ನು ಬಿಚ್ಚಿದರೆ ಒಳಗೆಲ್ಲ ಹತ್ತಿಯ ಎಳೆ, ಒಂದು ಜೇಡ.
ಮುಂದೊಂದು ಸಣ್ಣ ಹೊಸ ಪೆಟ್ಟಿಗೆ ಕೂರಿಸಿ
ಹಳೆಯದರ ಮಾತನ್ನು ಹೊಸ ಬೀಗಕ್ಕೆ ಒಪ್ಪಿಸುವಷ್ಟರಲ್ಲಿ ದೀಪ ಹತ್ತಿದ್ದವು.
ಬಂದೇನವಾಜ್ ದಿನವಿಡೀ ಕೈಯಲ್ಲೇ ಬರೆದು
ಬೆರಳು ನೀಲಿಯಾಗಿತ್ತು. ಚಹಾ ತರಿಸಿದ. ಬೈಯಲಿಲ್ಲ, ಹೊಗಳಲೂ ಇಲ್ಲ.

ಹೊರಡುವಾಗ, ಕಾಂಟಾ ಮೇಲೆ ನಿಂತ ಕೊನೆಯ ಗಾಡಿಯ
ಒಂದು ಅಂಡಿಗೆಯೊಳಗೆ, ಯಾರೂ ಕೇಳದಿದ್ದರೂ,
ಮೊಣಕೈವರೆಗೆ ತೋಳಿಳಿಸಿದೆ.
ಒಣಗಿತ್ತು.