ಅಂಗೈಯ ಅಂಚು

ರಬ್ಬರಿನ ಸುತ್ತಿಗೆ ಕಳೆದು ಮೂರು ತಿಂಗಳಾಯಿತು.
ಇಂಡೆಂಟ್ ಬರೆದಿದ್ದೇನೆ, ಬಂದಿಲ್ಲ.
ಅಂಗೈಯ ಅಂಚೇ ಸಾಕು ಅಂದಿದ್ದರು ಹಾಲಮ್ಮ ಸಿಸ್ಟರ್,
ತಮ್ಮ ಕೈಯನ್ನೇ ನನಗೆ ಚಾರ್ಜ್ ಕೊಟ್ಟು
ನಿವೃತ್ತಿಯಾಗಿ ಹೋದ ಹಾಗೆ.

ರಾತ್ರಿ ಒಂಬತ್ತೂವರೆಗೆ ಬಂದಳು ಖಮರುನ್ನಿಸಾ
ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಯಿಂದ, ಆಟೋದಲ್ಲಿ.
ಕೂದಲ ತುಂಬ ಹೊಟ್ಟಿನ ಬೂದಿ, ಎಂಟೂವರೆ ತಿಂಗಳು.
ತಲೆಯೊಳಗೆ ಕಾದ ಉಸುಕಿಗೆ ಅಕ್ಕಿ ಬಿದ್ದಂಗಾಗ್ತೈತಿ ಅಂದಳು,
ಕಣ್ಣ ಮುಂದೆ ಬಿಳೀ ಬಿಳೀ ಸಿಡೀತಾವ.
ಅತ್ತೆ ಮಾಬವ್ವ: 'ಕಾಲು ಬಾತ್ರೆ ಗಂಡ್ಮಗ ಅಂತಾರಲ್ರೀ.'
ಬಿಪಿ ನೂರಾ ಎಪ್ಪತ್ತು, ಕೆಳಗೆ ನೂರಾ ಹದಿನಾಲ್ಕು.
ಮೂತ್ರ ಕಾಯಿಸಿದರೆ ನಳಿಗೆಯಲ್ಲಿ ಒಡೆದ ಹಾಲು.

ಬೆರಳಲ್ಲಿ ಹೂತುಹೋಗಿದ್ದ ಉಂಗುರವನ್ನು
ದಾರ ಸುತ್ತಿ, ಸೋಪು ಸವರಿ,
ಸುತ್ತು ಸುತ್ತಾಗಿ ಬಿಚ್ಚಿ ತೆಗೆದಳು ಆಯಾ ಕೆಂಚವ್ವ.
ದಾದಾಪೀರನ ಕೈಗಿಟ್ಟಳು.
ಅವನು ಎಲ್ಲಿಡುವುದೆಂದು ತಿಳಿಯದೆ
ಕಿರುಬೆರಳಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತ.

ಡಾಕ್ಟರು ಮ್ಯಾಗ್ನೀಷಿಯಂ ಬರೆದರು.
ಫಿಟ್ಸ್ ತಡೆಯುವ ಮದ್ದು ಅದು,
ಮೈಯಲ್ಲಿ ಹೆಚ್ಚು ಉಳಿದರೆ ಉಸಿರನ್ನೂ ತಡೆಯುತ್ತದೆ.
ಅದಕ್ಕೇ ಗಂಟೆಗೊಮ್ಮೆ ನಾನು:
ಉಸಿರು ಎಣಿಸಬೇಕು, ಚೀಲದ ಮೂತ್ರ ಅಳೆಯಬೇಕು,
ಮೊಣಕಾಲ ಚಿಪ್ಪಿನ ಕೆಳಗೆ ಒಂದು ಏಟು ಹಾಕಬೇಕು.
ಕಾಲು ಒದೆಯಬೇಕು.

ಹನ್ನೊಂದಕ್ಕೆ ಒದೆಯಿತು. 'ನನ್ ಮ್ಯಾಲೆ ಸಿಟ್ಟೇನ್ ಬೇ?' ಅಂದೆ.
ನಗಲು ನೋಡಿದಳು, ತುಟಿ ಒಣಗಿತ್ತು.
ಹನ್ನೆರಡಕ್ಕೆ ಒದೆಯಿತು.
ಒಂದಕ್ಕೆ, ಒಂದಿಷ್ಟೇ.

ಹಾಲಮ್ಮ ಸಿಸ್ಟರ್ ಒಮ್ಮೆ ಚಹಾ ಕುಡಿಯುತ್ತಾ ಹೇಳಿದ್ದರು,
ತಾವು ಸಣ್ಣವರಿದ್ದಾಗಿನ ಒಂದು ನೈಟ್ ಡ್ಯೂಟಿ.
ನಿದ್ದೆಗಣ್ಣಲ್ಲಿ, ಮುಟ್ಟದೇ, ಚಾರ್ಟಿನಲ್ಲಿ
ಪ್ಲಸ್ ಪ್ಲಸ್ ಅಂತ ಬರೆದಿದ್ದರಂತೆ ಸಾಲಾಗಿ.
ಹೆಂಗಸಿನ ಹೆಸರು ಹೇಳಲಿಲ್ಲ. ಮಂಚದ ನಂಬರು ಹೇಳಿದರು: ಏಳು.
ಖಮರುನ್ನಿಸಾ ಇದ್ದದ್ದು ನಾಲ್ಕರಲ್ಲಿ.

ಎರಡಕ್ಕೆ ಹೊಡೆದೆ.
ಕಾಲು ಸುಮ್ಮನಿತ್ತು.
ಜಾಗ ತಪ್ಪಿತೇನೋ ಅಂತ ಬೆರಳಿಂದ ಹುಡುಕಿ ಮತ್ತೆ ಹೊಡೆದೆ.
ಇನ್ನೊಂದು ಕಾಲಿಗೂ.
ಯಾರೋ ಮನೆ ಬಿಟ್ಟುಹೋದ ಬಾಗಿಲು ಬಡಿದ ಹಾಗೆ.
ಚೀಲದಲ್ಲಿ ಹನಿಯಷ್ಟು ಮೂತ್ರ. ಉಸಿರು ನಿಮಿಷಕ್ಕೆ ಹತ್ತು.

ಡ್ರಿಪ್ ಮುಚ್ಚಿದೆ. ಆಕ್ಸಿಜನ್ ಇಟ್ಟೆ.
ಥಿಯೇಟರಿನಿಂದ ಡಾಕ್ಟರು ಗ್ಲೌಸಿನಲ್ಲೇ ಕೂಗಿದರು, ಕ್ಯಾಲ್ಷಿಯಂ ಕೊಡಿ.
ತಲೆದೆಸೆಯ ಟ್ರೇಯಲ್ಲಿ ಸಂಜೆಯೇ ಎತ್ತಿಟ್ಟಿದ್ದೆ.
ನಿಧಾನ, ಹತ್ತು ನಿಮಿಷ, ಅವಸರ ಮಾಡಿದರೆ ಎದೆಯೇ ನಿಂತೀತು.
ಅಷ್ಟು ಉದ್ದದ ಹತ್ತು ನಿಮಿಷವನ್ನು
ನಾನು ನನ್ನ ಹೆರಿಗೆಯಲ್ಲೂ ಕಂಡಿರಲಿಲ್ಲ.
ಕೆಂಚವ್ವ ಗೋಡೆ ಗಡಿಯಾರ ನೋಡುತ್ತಾ ಗಟ್ಟಿಯಾಗಿ ಎಣಿಸಿದಳು,
ಹದಿನಾಲ್ಕಾದ ಮೇಲೆ ಹದಿನಾರು ಅಂದಳು. ಯಾರೂ ತಿದ್ದಲಿಲ್ಲ.

ಎರಡೂ ನಲವತ್ತಕ್ಕೆ ಅಂಗೈಯ ಅಂಚು ಇಳಿಸಿದೆ.
ಕಾಲು ಎಗರಿ ಟ್ರೇಗೆ ಬಡಿದು
ಖಾಲಿ ಆಂಪ್ಯೂಲು ನೆಲಕ್ಕೆ ಬಿದ್ದು ಚೂರಾಯಿತು.
'ಒದಿಯವ್ವಾ,' ಅಂದೆ. 'ಇನ್ನೂ ಒದಿ.'

ಬೆಳಗಿನ ಜಾವ ಹುಟ್ಟಿದ್ದು ಹೆಣ್ಣು. ಒಂದೂ ಮುಕ್ಕಾಲು ಕಿಲೋ,
ಅದಕ್ಕೂ ಒದೆಯಲು ಬರುತ್ತಿತ್ತು.
ಮಾಬವ್ವ ತುಸು ಹೊತ್ತು ಸುಮ್ಮನಿದ್ದು
'ಕಾಲು ಬಾತ್ರೆ ಹೆಣ್ಣೂ ಆಗ್ತಾವ ಬಿಡ್ರಿ' ಅಂದಳು.

ಹೆತ್ತ ಮೇಲೂ ಫಿಟ್ಸ್ ಬರಬಹುದು,
ಇನ್ನೂ ಒಂದು ದಿನ, ಒಂದು ರಾತ್ರಿ ಬಾಕಿ.
ಬೆಳಗಿನ ಪಾಳಿಯ ಹುಡುಗಿಗೆ ಚಾರ್ಟು ಕೊಟ್ಟು
ಮುಟ್ಟಿ ಬರಿ ಅಂದೆ. ಏಳನೇ ಮಂಚದ ಮಾತು ಹೇಳಲಿಲ್ಲ.
ಹೇಳಬೇಕಿತ್ತೇನೋ.

ಉಂಗುರ ಇನ್ನೂ ದಾದಾಪೀರನ ಕಿರುಬೆರಳಲ್ಲೇ ಇತ್ತು.
ಇಂಡೆಂಟ್ ಪುಸ್ತಕ ತೆಗೆದು ಮತ್ತೆ ಬರೆದೆ:
ಸುತ್ತಿಗೆ, ರಬ್ಬರಿನದು, ಒಂದು.